ಗುಡ್ಡೆಯ ಲೆಕ್ಕ ಬರೆದಿಡುವ ಕ್ರಮ: ಮಳೆ, ಸುರಂಗ, ಹೂವು, ಹುಲ್ಲು

ಮೇ ಕೊನೆಯ ಪತ್ತನಾಜೆ ಕಳೆದು ಎರಡು ಮಳೆ ಬಿದ್ದರೆ ಸಾಕು, ಕಾಸರಗೋಡಿನಲ್ಲಿ ಮುಳ್ಳೇರಿಯದಿಂದ ಪೆರ್ಲದವರೆಗೆ ಜಗಲಿಯಲ್ಲಿ ಕೂತವರದ್ದೆಲ್ಲ ಒಂದೇ ಮಾತು: ‘ಮೊದಲಿನ ಮಳೆ ಈಗ ಎಲ್ಲಿ?’ ಅದೇ ಜನ ಆಟಿಯಲ್ಲಿ (ಜುಲೈ–ಆಗಸ್ಟ್) ತೋಟಕ್ಕೆ ಹೊಳೆ ನುಗ್ಗಿದರೆ ‘ಇಂಥ ಮಳೆ ಕಂಡದ್ದೇ ಇಲ್ಲ’ ಅನ್ನುತ್ತಾರೆ. ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ಲೆಕ್ಕ ಇಲ್ಲದೆ ಯಾವುದನ್ನೂ ಹೇಳುವ ಹಾಗಿಲ್ಲ. ಅಡಿಕೆ ಬೆಳೆಯುವ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದ್ದೇ ಇದೆ. ಅದೇ ಪುಸ್ತಕಕ್ಕೆ ಸುರಂಗದ (ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದದ್ದು) ನೀರು, ನಾಲ್ಕು ಮರ, ಗುಡ್ಡೆಯ ಒಂದು ಫೋಟೊ ಸೇರಿಸಿದರೆ ಬೆಟ್ಟ ಬದಲಾಗುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಬೇಕಾದ ಸಾಮಗ್ರಿ ಕೈಯಲ್ಲಿರುತ್ತದೆ. ಖರ್ಚು ಹೆಚ್ಚಿಲ್ಲ. ಕಷ್ಟವಿರುವುದು ದಿನಾ ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಅಳೆಯುವುದರಲ್ಲಿ.

ಮಳೆಮಾಪಕ

ಕೊಂಡು ತರುವುದಾದರೆ ನೇರ ಗೋಡೆಯ, ಬಾಯಿ 10 ಸೆಂ.ಮೀ.ಗಿಂತ ಕಿರಿದಲ್ಲದ ಮಾಪಕ ನೋಡಿ. ಆನ್‌ಲೈನಿನಲ್ಲಿ ಸಿಗುವ ಬೆರಳುಗಾತ್ರದ ಪ್ಲಾಸ್ಟಿಕ್ ಕೊಳವೆಗಳು ನಮ್ಮ ಜೂನ್ ಮಳೆಗೆ ಅರ್ಧ ದಿನಕ್ಕೆ ತುಂಬಿ ಚೆಲ್ಲುತ್ತವೆ. ಅದಕ್ಕಿಂತ ಮನೆಯಲ್ಲಿ ಮಾಡಿದ್ದೇ ವಾಸಿ.

ಬೇಕಾದದ್ದು ಇಷ್ಟು: ಮುಚ್ಚಳವಿರುವ ಇಪ್ಪತ್ತು ಲೀಟರಿನ ಖಾಲಿ ಪೈಂಟ್ ಬಕೆಟ್, ಅದರೊಳಗೆ ಕೂರುವ ಐದು ಲೀಟರಿನ ಕ್ಯಾನ್, 160 ಮಿ.ಮೀ. ಪಿವಿಸಿ ಪೈಪಿನ 20 ಸೆಂ.ಮೀ. ತುಂಡು, ಆ ಪೈಪಿನೊಳಗೆ ಬಿಗಿಯಾಗಿ ಕೂರುವ ಆಲಿಕೆ, ಸ್ವಲ್ಪ ಎಂಸೀಲ್. ಮುಚ್ಚಳದ ನಡುವೆ ಪೈಪಿನ ಅಳತೆಗೆ ದುಂಡಗೆ ಕತ್ತರಿಸಿ, ಪೈಪು 12 ಸೆಂ.ಮೀ. ಮೇಲೆ, 8 ಸೆಂ.ಮೀ. ಕೆಳಗೆ ಇರುವ ಹಾಗೆ ತೂರಿಸಿ, ಸುತ್ತ ಎಂಸೀಲ್ ಮೆತ್ತಿ. ಆಲಿಕೆಯ ಅಂಚು ಪೈಪಿನ ಬಾಯಿಯಿಂದ ಕನಿಷ್ಠ ಹತ್ತು ಸೆಂಟಿಮೀಟರ್ ಕೆಳಗಿರಲಿ. ಬರೀ ಆಲಿಕೆ ಇಟ್ಟವರ ಲೆಕ್ಕ ಯಾವಾಗಲೂ ಕಡಿಮೆ ಬರುವುದು ಇದೇ ಕಾರಣಕ್ಕೆ: ದಪ್ಪ ಹನಿ ಓರೆ ಗೋಡೆಗೆ ಬಡಿದು ಹೊರಗೆ ಚಿಮ್ಮುತ್ತದೆ. ಸುತ್ತ ನೇರ ಗೋಡೆಯಿದ್ದರೆ ಚಿಮ್ಮಿದ್ದು ಮತ್ತೆ ಒಳಗೇ ಬೀಳುತ್ತದೆ. ಆಲಿಕೆಯ ಮೂತಿ ಕ್ಯಾನಿನ ಬಾಯೊಳಗೆ ಇಳಿದಿರಬೇಕು. ಹೀಗಿದ್ದರೆ ಬೇಸಗೆಯಲ್ಲಿ ನೀರು ಆರುವುದೂ ಕಡಿಮೆ.

ಈಗ ಲೆಕ್ಕ. ಪೈಪಿನ ಹೆಸರು 160 ಎಂದಿದ್ದರೂ ಅದು ಹೊರಗಿನ ಅಳತೆ. ಒಳಗಿನ ವ್ಯಾಸವನ್ನು ಎರಡು ದಿಕ್ಕಿನಿಂದ ಅಳೆದು ಸರಾಸರಿ ತೆಗೆಯಿರಿ. 15.2 ಸೆಂ.ಮೀ. ಬಂತು ಎನ್ನಿ. ಅರ್ಧ 7.6, ಅದರ ವರ್ಗ 57.76, 3.14ರಿಂದ ಗುಣಿಸಿದರೆ ಬಾಯಿಯ ವಿಸ್ತೀರ್ಣ ಸುಮಾರು 181 ಚದರ ಸೆಂಟಿಮೀಟರ್. ಅದರ ಹತ್ತನೇ ಒಂದು ಪಾಲು, ಅಂದರೆ 18.1 ಮಿಲಿಲೀಟರ್ ನೀರು ಸಿಕ್ಕಿದರೆ ಒಂದು ಮಿಲಿಮೀಟರ್ ಮಳೆ. ಕ್ಯಾನಿನಲ್ಲಿ 905 ಮಿ.ಲೀ. ಇದ್ದರೆ 50 ಮಿ.ಮೀ. ಮಳೆ ಬಂದಿದೆ. ನಿಮ್ಮ ಪೈಪಿನ ಸಂಖ್ಯೆ ಬೇರೆ ಬರಬಹುದು. ಅದನ್ನು ಮುಚ್ಚಳದ ಮೇಲೂ ಪುಸ್ತಕದ ಮೊದಲ ಪುಟದಲ್ಲೂ ಬರೆದಿಡಿ. ಅಳೆಯುವ ಜಾಡಿ ಇಲ್ಲದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್. ಖಾಲಿ ಪಾತ್ರೆಯನ್ನು ಮೊದಲು ಇಟ್ಟು ಸೊನ್ನೆ ಮಾಡಿಕೊಳ್ಳಲು ಮರೆಯಬೇಡಿ.

ಐದು ಲೀಟರಿನ ಕ್ಯಾನಿಗೆ ಸುಮಾರು 275 ಮಿ.ಮೀ. ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಉಕ್ಕಿದ್ದು ಬಕೆಟ್ಟಿನಲ್ಲಿ ಉಳಿಯುತ್ತದೆ, ಎರಡನ್ನೂ ಸೇರಿಸಿ ಅಳೆಯಿರಿ. ಅಷ್ಟು ಮಳೆ ಬರುತ್ತದೆಯೇ ಎಂದು ಕೇಳುವವರು ನೀಲಗಿರಿಯ ಕಡೆ ನೋಡಬೇಕು: ಮುಕುರ್ತಿ ರಾಷ್ಟ್ರೀಯ ಉದ್ಯಾನದ ಮಗ್ಗುಲಿನ ಅವಲಾಂಚಿಯಲ್ಲಿ 2019ರ ಆಗಸ್ಟ್ ಎರಡನೇ ವಾರದಲ್ಲಿ ಒಂದೇ ದಿನದ ಮಳೆ 800 ಮಿ.ಮೀ. ದಾಟಿತ್ತು. ಬೆಟ್ಟದ ಮಳೆಗೆ ಇಡುವ ಪಾತ್ರೆಯ ಹೊಟ್ಟೆ ದೊಡ್ಡದಿರಲಿ.

ಜಾಗ ಹುಡುಕುವುದು ಇಲ್ಲಿ ತಲೆನೋವಿನ ಕೆಲಸ. ಹತ್ತಿರದ ಮರ ಅಥವಾ ಮಾಡು ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಹನ್ನೆರಡು ಮೀಟರಿನ ಅಡಿಕೆಮರವೆಂದರೆ ಇಪ್ಪತ್ತನಾಲ್ಕು ಮೀಟರ್ ದೂರ, ಅಂದರೆ ತೋಟದೊಳಗೆ ಜಾಗವೇ ಇಲ್ಲ. ಅಡಿಕೆ ಒಣಗಿಸುವ ಅಂಗಳದ ಆಚೆ ಬದಿ, ಗದ್ದೆಯ ಹುಣಿ, ಗುಡ್ಡೆಯ ಬೋಳು ಜಾಗ ಇವುಗಳಲ್ಲಿ ಒಂದನ್ನು ಆರಿಸಿ. ಸಿಮೆಂಟಿನ ಅಂಗಳದ ಮೇಲೇ ಇಡಬೇಡಿ, ನೆಲಕ್ಕೆ ಬಡಿದ ಹನಿ ಹಾರಿ ಒಳಗೆ ಬೀಳುತ್ತದೆ. ಮಣ್ಣು ಅಥವಾ ಹುಲ್ಲಿನ ಮೇಲಿರಲಿ. ಗುಡ್ಡೆಯ ತುತ್ತತುದಿಯೂ ಬೇಡ. ಗಾಳಿ ಜೋರಿದ್ದಲ್ಲಿ ಹನಿ ಬಾಯಿಯ ಮೇಲಿಂದ ಹಾರಿಹೋಗಿ ಲೆಕ್ಕ ಕಡಿಮೆಯಾಗುತ್ತದೆ.

ಬಕೆಟ್ಟನ್ನು 20 ಸೆಂ.ಮೀ.ನಷ್ಟು ಹೂತರೆ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಹವಾಮಾನ ಇಲಾಖೆಯ ಸಾಮಾನ್ಯ ಮಾಪಕದ ಎತ್ತರವೂ ಅಷ್ಟೇ. ರಸಮಟ್ಟ ಇಟ್ಟು ಬಾಯಿ ಸಮವಿದೆಯೇ ನೋಡಿ. ಹೂತ ಗುಂಡಿಯಲ್ಲಿ ನೀರು ನಿಂತರೆ ಖಾಲಿ ಬಕೆಟ್ಟು ದೋಣಿಯ ಹಾಗೆ ತೇಲಿ ಮಗುಚಿಕೊಳ್ಳುತ್ತದೆ. ಇದು ಆಗುವುದೂ ಭಾರೀ ಮಳೆಯ ದಿನವೇ, ಲೆಕ್ಕ ಬೇಕೇಬೇಕಾದ ದಿನ. ಹಾಗಾಗಿ ತುಸು ಎತ್ತರದ ಜಾಗ ನೋಡಿ, ಬಕೆಟ್ಟಿನೊಳಗೆ ಕ್ಯಾನಿನ ಪಕ್ಕ ಎರಡು ಮುರಕಲ್ಲಿನ (ಜಂಬಿಟ್ಟಿಗೆ) ತುಂಡು ಇಡಿ. ಉಕ್ಕಿದ ನೀರನ್ನು ಮುರಕಲ್ಲು ಹೀರದಂತೆ ಅವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿರಬೇಕು.

ಓದುವ ಹೊತ್ತು ಬೆಳಿಗ್ಗೆ 8.30. ಇಡೀ ದೇಶದ ಮಾಪಕಗಳನ್ನು ಓದುವುದು ಆಗಲೇ, ಹಾಗಾಗಿ ನಿಮ್ಮ ಅಂಕಿಯನ್ನು ಬೇರೆ ಊರಿನ ಅಂಕಿಯ ಪಕ್ಕ ಇಡಬಹುದು. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದನ್ನು ಇವತ್ತಿನ ತಾರೀಕಿಗೆ ಬರೆಯಬೇಕು. ನಿನ್ನೆ ಸಂಜೆ ಸುರಿದ ಮಳೆ ಇವತ್ತಿನ ಲೆಕ್ಕಕ್ಕೆ ಹೋಗುವುದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ. ಅನ್ನಿಸಲಿ. ಬೇಕಾದರೆ ಪಕ್ಕದಲ್ಲಿ ‘ನಿನ್ನೆ ಸಂಜೆ 4ರಿಂದ 6, ಗುಡುಗು’ ಎಂದು ಬರೆದುಕೊಳ್ಳಿ.

ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆ ಗುರುತಿನಲ್ಲಿ ತೋರಿಸಬೇಕು. ಮಳೆ ಬಾರದ ದಿನಕ್ಕೆ 0. ನೆಲ ಒದ್ದೆಯಾದರೂ ಅಳೆಯುವಷ್ಟು ಸಿಗದಿದ್ದರೆ ‘ಹನಿ’. ಅಳೆಯದ ದಿನಕ್ಕೆ ಒಂದು ಅಡ್ಡಗೆರೆ. ಹಳೆಯ ಪುಸ್ತಕಗಳು ಉಪಯೋಗಕ್ಕೆ ಬಾರದೆ ಹೋಗುವುದು ಹೆಚ್ಚಾಗಿ ಇಲ್ಲೇ: ಖಾಲಿ ಬಿಟ್ಟ ಜಾಗ ಮಳೆ ಇಲ್ಲದ್ದೋ, ಮದುವೆಗೆ ಹೋದದ್ದೋ ಎಂದು ಇಪ್ಪತ್ತು ವರ್ಷದ ಮೇಲೆ ಯಾರೂ ಹೇಳಲಾರರು. ಎರಡು ದಿನ ಊರಲ್ಲಿರದಿದ್ದರೆ ಬಂದ ಮೇಲೆ ಒಟ್ಟು ಅಳೆದು, ‘ಮೂರು ದಿನದ್ದು’ ಎಂದು ಬರೆದು ಆವರಣದಲ್ಲಿ ಹಾಕಿ. ಅದನ್ನು ಮೂರು ಪಾಲು ಮಾಡಿ ಹಂಚಬೇಡಿ, ನೆರೆಮನೆಯ ಅಂಕಿ ತಂದು ತುಂಬಿಸಲೂ ಬೇಡಿ. ಗುಡ್ಡೆಯ ಈ ಕಡೆಗೂ ಆ ಕಡೆಗೂ ಒಂದೇ ಸಂಜೆ ಮೂವತ್ತು ಮಿಲಿಮೀಟರ್ ವ್ಯತ್ಯಾಸ ಬರಬಹುದು.

ವಾರಕ್ಕೊಮ್ಮೆ ಆಲಿಕೆಯ ಮೂತಿ ನೋಡಿ. ಎಲೆಚೂರು, ಜೇಡನ ಬಲೆ, ಇರುವೆಗೂಡು, ಯಾವುದಾದರೂ ಒಂದು ಇದ್ದೇ ಇರುತ್ತದೆ. ಮೂತಿ ಕಟ್ಟಿದ ಮಾಪಕದಲ್ಲಿ ನೀರು ಆಲಿಕೆಯಲ್ಲೇ ನಿಂತು ಬಿಸಿಲಿಗೆ ಆರುತ್ತದೆ, ಅಳೆದವರಿಗೆ ಗೊತ್ತೂ ಆಗುವುದಿಲ್ಲ.

ಸುರಂಗ, ತೋಡು, ಬಾವಿ

ಮಳೆಯ ಲೆಕ್ಕ ಆಕಾಶದ ಕಡೆಯದು. ಗುಡ್ಡೆ ಅದನ್ನು ಎಷ್ಟು ಹಿಡಿದಿಟ್ಟು ಯಾವಾಗ ಬಿಟ್ಟುಕೊಟ್ಟಿತು ಎನ್ನುವುದಕ್ಕೆ ಕಾಸರಗೋಡಿನವರ ಕೈಯಲ್ಲಿ ಒಳ್ಳೆಯ ಅಳತೆಗೋಲಿದೆ, ಸುರಂಗ. ಮುರಕಲ್ಲಿನ ತೂತುಗಳಲ್ಲಿ ಇಂಗಿದ ನೀರು ಕೆಳಗಿನ ಜೇಡಿ ಪದರಕ್ಕೆ ತಾಗಿ ಅಡ್ಡಕ್ಕೆ ಹರಿಯುತ್ತದೆ. ಸುರಂಗ ಅದನ್ನು ಪಂಪಿಲ್ಲದೆ ಹೊರಗೆ ತರುತ್ತದೆ. ಪಂಪು ಇಲ್ಲದಿರುವುದೇ ನಮಗೆ ಅನುಕೂಲ. ಬಾವಿಯ ನೀರು ಎಷ್ಟು ಎಳೆದಿರಿ ಎನ್ನುವುದರ ಮೇಲೆ ಏರಿಳಿಯುತ್ತದೆ, ಸುರಂಗದ ಧಾರೆ ಹಾಗಲ್ಲ.

ಅಳೆಯಲು ಸುರಂಗದೊಳಗೆ ಹೋಗಬೇಕಾಗಿಲ್ಲ, ಹೋಗಲೂ ಬಾರದು. ಕುಸಿತ, ಹಾವು, ಕೆಟ್ಟ ಗಾಳಿ ಮೂರೂ ಇರಬಹುದು. ನೀರು ದಂಬೆಯಲ್ಲೋ (ಅಡಿಕೆಮರ ಸೀಳಿ ಮಾಡಿದ ನೀರುದೋಣಿ) ಪೈಪಿನಲ್ಲೋ ಹೊರಗೆ ಬೀಳುವ ಜಾಗದಲ್ಲಿ ಬಕೆಟ್ ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಹತ್ತು ಲೀಟರಿನ ಗೆರೆಯನ್ನು ಮೊದಲೇ ಒಂದು ಲೀಟರಿನ ಬಾಟಲಿಯಿಂದ ಹತ್ತು ಸಲ ಸುರಿದು ಗುರುತು ಮಾಡಿರಿ. ಅಂಗಡಿಯ ಬಕೆಟ್ಟಿನ ಮೇಲೆ ಅಚ್ಚಾದ ಅಳತೆಯನ್ನು ನಂಬಬೇಡಿ. 600ನ್ನು ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಬರುತ್ತದೆ. 48 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12.5 ಲೀಟರ್. ಮೂರು ಸಲ ಅಳೆದು ನಡುವಿನ ಅಂಕಿ ಬರೆಯಿರಿ. ವಾರಕ್ಕೊಮ್ಮೆ, ವಾರದ ಅದೇ ದಿನ, ಬೆಳಿಗ್ಗೆ. ದಂಬೆ ಸೋರುತ್ತಿದ್ದರೆ ಧಾರೆ ಇಳಿದಂತೆ ಕಾಣುತ್ತದೆ. ‘ನೀರು ಕಡಿಮೆಯಾಯಿತು’ ಎಂಬ ಎಷ್ಟೋ ದೂರಿನ ಮೂಲ ದಂಬೆಯ ಬಿರುಕು.

ವರ್ಷದಲ್ಲಿ ಎರಡು ತಾರೀಕುಗಳ ಮೇಲೆ ಕಣ್ಣಿಡಿ. ಮಳೆ ಶುರುವಾದ ಮೇಲೆ ಧಾರೆ ಸ್ಪಷ್ಟವಾಗಿ ಏರಿದ ದಿನ, ಬೇಸಗೆಯಲ್ಲಿ ಅತಿ ಕಡಿಮೆಗೆ ಇಳಿದ ದಿನ. ಮೊದಲ ಮಳೆಗೂ ಧಾರೆ ಏರುವುದಕ್ಕೂ ನಡುವಿನ ಅಂತರ ಗುಡ್ಡೆಯಿಂದ ಗುಡ್ಡೆಗೆ ಬೇರೆ. ಅದೇ ಸುರಂಗದಲ್ಲಿ ಆ ಅಂತರ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಮೇಲೆ ಏನಾಗಿದೆ ನೋಡಿ: ಗುಡ್ಡೆ ತಲೆಯಲ್ಲಿ ಕಲ್ಲಿನ ಕೋರೆ ತೆಗೆದಿದ್ದಾರೆಯೇ, ಹುಲ್ಲಿದ್ದಲ್ಲಿ ಜೆಸಿಬಿ ಹೋಗಿದೆಯೇ, ಹತ್ತಿರ ಬೋರ್‌ವೆಲ್ ಬಂದಿದೆಯೇ. ಇವೆಲ್ಲ ‘ಷರಾ’ ಕಲಮಿನಲ್ಲಿ ತಾರೀಕು ಸಮೇತ ಇರಬೇಕು. ಎಲ್ಲವನ್ನೂ ಹವೆಯ ತಲೆಗೆ ಕಟ್ಟುವುದು ಸುಲಭ, ಹೆಚ್ಚಿನ ಸಲ ಕಾರಣ ಹತ್ತಿರದಲ್ಲೇ ಇರುತ್ತದೆ.

ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬೇರೆ ಕ್ರಮ. ನೇರವಾಗಿ ಹರಿಯುವ ಹತ್ತು ಮೀಟರ್ ಆರಿಸಿ ಎರಡು ಕಡೆ ಗೂಟ ಹೊಡೆಯಿರಿ. ಅರ್ಧ ನೀರು ತುಂಬಿ ಮುಚ್ಚಿದ ಚಿಕ್ಕ ಬಾಟಲಿಯನ್ನು ನಡುನೀರಿಗೆ ಬಿಟ್ಟು ಹೊತ್ತು ನೋಡಿ. ಖಾಲಿ ಬಾಟಲಿ, ತೆಂಗಿನ ಗೆರಟೆ ಬೇಡ, ಗಾಳಿಗೆ ಓಡುತ್ತವೆ. ಅಗಲ 1.2 ಮೀ., ಐದು ಕಡೆ ಅಳೆದ ಆಳದ ಸರಾಸರಿ 0.15 ಮೀ., ಹತ್ತು ಮೀಟರಿಗೆ 25 ಸೆಕೆಂಡ್ ಎಂದಾದರೆ: ವೇಗ 0.4, ತಳದ ನೀರು ಮೇಲಿನದಕ್ಕಿಂತ ನಿಧಾನವಾದ್ದರಿಂದ 0.85ರಿಂದ ಗುಣಿಸಿದರೆ 0.34; ಅಗಲ, ಆಳ ಗುಣಿಸಿದರೆ 0.061 ಘನ ಮೀಟರ್, ಸೆಕೆಂಡಿಗೆ 61 ಲೀಟರ್. ಇದರಲ್ಲಿ ನೂರಕ್ಕೆ ಹದಿನೈದಿಪ್ಪತ್ತು ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ದಶಾಂಶಕ್ಕೆ ಜಗಳ ಬೇಡ. ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟ ಕಟ್ಟಿದ ಮೇಲೆ ಅದರ ಹಿನ್ನೀರಿನಲ್ಲಿ ಅಳೆದರೆ ಅರ್ಥವಿಲ್ಲ. ಹಿನ್ನೀರು ಮುಗಿದು ಹರಿವು ಕಾಣುವಲ್ಲಿ, ಮೇಲ್ಗಡೆ ಅಳೆಯಿರಿ. ಇಷ್ಟೂ ಸಾಧ್ಯವಾಗದಿದ್ದರೆ ಹರಿವು ನಿಂತ ದಿನವೊಂದನ್ನಾದರೂ ಪ್ರತಿ ವರ್ಷ ಬರೆಯಿರಿ. ಸಲಕರಣೆ ಬೇಡದ, ತಪ್ಪಾಗದ ಅಳತೆ ಅದು. ತುಂಬಿ ಹರಿಯುವ ತೋಡಿಗೆ ಇಳಿಯಬಾರದು.

ಬಾವಿಯದ್ದು ಸಣ್ಣ ಕೆಲಸ: ಕಟ್ಟೆಯ ಮೇಲೆ ಒಂದು ಗುರುತು, ಅಲ್ಲಿಂದ ನೀರಿನವರೆಗೆ ಟೇಪು, ಬೆಳಿಗ್ಗೆ ಪಂಪು ಹಾಕುವ ಮೊದಲು.

ಮರಗಳು

ಹತ್ತು ಜಾತಿಗಿಂತ ನಾಲ್ಕು ಮರ ಒಳ್ಳೆಯದು. ಕೊಂದೆ (ಕಕ್ಕೆ), ಹಲಸು, ಪುನರ್ಪುಳಿ, ಮಾವು, ಇವುಗಳಲ್ಲಿ ದಿನಾ ಕಣ್ಣಿಗೆ ಬೀಳುವ ಮರಗಳನ್ನೇ ಆರಿಸಿ. ಮರಕ್ಕೆ ಸಂಖ್ಯೆ ಕೊಟ್ಟು ಕಾಂಡಕ್ಕೆ ಪೈಂಟಿನಲ್ಲಿ ಬರೆಯಿರಿ, ಮೊಳೆ ಬೇಡ. ವಾರಕ್ಕೊಮ್ಮೆ ಅದೇ ಮರದ ಕೆಳಗೆ ನಿಂತು ಚಿಗುರು, ಹೂ, ಕಾಯಿ ಇವುಗಳ ಮುಂದೆ ‘ಇಲ್ಲ’, ‘ಸ್ವಲ್ಪ’, ‘ತುಂಬ’ ಎಂದಷ್ಟೇ ಬರೆಯಿರಿ. ಮೂರನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ‘ಸ್ವಲ್ಪ’. ದೇಶದ ಹಲವೆಡೆ ಶಾಲಾ ಮಕ್ಕಳು ಸೇರಿದಂತೆ ಜನಸಾಮಾನ್ಯರಿಂದ ಮರಗಳ ಲೆಕ್ಕ ಕಲೆಹಾಕುವ ಸೀಸನ್‌ವಾಚ್ ಯೋಜನೆಯ ಕ್ರಮವೂ ಹೀಗೆಯೇ ಇದೆ. ಶಾಲೆಯ ಮಕ್ಕಳು ಇದ್ದರೆ ಅದಕ್ಕೇ ಸೇರಿಸಬಹುದು.

ಇಲ್ಲಿ ಎಡವುವುದು ಒಂದೇ ಕಡೆ. ಕೊಂದೆ ವಿಷುವಿಗೆ ಮೊದಲೇ ಅರಳಿತು ಎಂಬ ಮಾತು ಪ್ರತಿ ವರ್ಷ ಕೇಳುತ್ತದೆ. ಆದರೆ ಹೇಳುವವರು ಈ ವರ್ಷ ನೋಡಿದ್ದು ಮಾರ್ಗದ ಬದಿಯ ಮರ, ಹೋದ ವರ್ಷ ನೋಡಿದ್ದು ದೇವಸ್ಥಾನದ ಬಳಿಯದ್ದು. ಎಲ್ಲೋ ಒಂದು ಮರ ಯಾವಾಗಲೂ ಬೇಗ ಅರಳುತ್ತದೆ. ಮಾರ್ಗದಲ್ಲಿ ಓಡಾಡುವ ಕಣ್ಣಿಗೆ ಅದೇ ಬೀಳುತ್ತದೆ. ನಿಮ್ಮ ಎರಡನೇ ನಂಬರಿನ ಮರದಲ್ಲಿ ಮೊದಲ ಹೂ ಬಿಚ್ಚಿದ ದಿನ ಬರೆಯಿರಿ. ಮೊಗ್ಗಲ್ಲ, ಎಸಳು ಬಿಡಿಸಿಕೊಂಡು ಒಳಗಿನ ಕೇಸರ ಕಾಣುವ ಹೂ. ಅದು ಏಪ್ರಿಲ್ ಪೂರ್ತಿ ಅರಳದಿದ್ದರೂ ಪಕ್ಕದ ಮರಕ್ಕೆ ಹಾರಬೇಡಿ.

ಹನ್ನೆರಡು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅರಳುವ ನೀಲಕುರಿಂಜಿಯ ಹಾಗೆ ಬೆಟ್ಟದ ಕೆಲವು ಗಿಡಗಳ ಸುತ್ತು ಉದ್ದ. ಮುನ್ನಾರಿನ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ 2006ರಲ್ಲಿ, ಮತ್ತೆ 2018ರಲ್ಲಿ ಅರಳಿತು. ಅಂಥದ್ದಕ್ಕೆ ಒಬ್ಬರ ಪುಸ್ತಕ ಸಾಲದು, ಮನೆಯಲ್ಲಿ ಮುಂದೆ ಯಾರು ಬರೆಯುತ್ತಾರೆ ಎಂದು ಈಗಲೇ ನೋಡಿಕೊಳ್ಳಬೇಕು.

ಗುಡ್ಡೆಯ ಫೋಟೊ

ಪನತ್ತಡಿಯ ರಾಣಿಪುರದ ಬೆಟ್ಟ, ಹಳೆಯ ಹೆಸರಿನಲ್ಲಿ ಮಾಡತ್ತುಮಲೆ, ಸಾವಿರ ಮೀಟರಿನ ಆಸುಪಾಸಿನಲ್ಲಿ ಹುಲ್ಲುಗಾವಲೂ ಶೋಲಾ ಕಾಡೂ (ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಗಿಡ್ಡ ನಿತ್ಯಹಸಿರು ಕಾಡು) ಒಟ್ಟಿಗೆ ಇರುವ ಜಾಗ. ಕುದುರೆಮುಖ, ಮುಕುರ್ತಿ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೇ ಚಿತ್ರ ದೊಡ್ಡದಾಗಿ ಕಾಣುತ್ತದೆ. ಹುಲ್ಲಿಗೂ ಕಾಡಿಗೂ ನಡುವಿನ ಗಡಿ ಎತ್ತ ಸರಿಯುತ್ತಿದೆ ಎನ್ನುವುದೇ ಬೆಟ್ಟದ ದೊಡ್ಡ ಪ್ರಶ್ನೆ. ಮುಕುರ್ತಿಯಂಥ ಎತ್ತರದಲ್ಲಿ ಚಳಿಗಾಲದ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಬಯಲಿನ ಎಳೆ ಮರಗಿಡಗಳನ್ನು ಸುಡುತ್ತದೆ, ಹುಲ್ಲು ಬದುಕುತ್ತದೆ. ಹೊರಗಿಂದ ತಂದು ನೆಟ್ಟ ವಾಟಲ್ ಮರ ಮಾತ್ರ ಅಲ್ಲಿ ಹುಲ್ಲುಗಾವಲನ್ನು ನುಂಗುತ್ತ ಬಂದಿದೆ. ರಾಣಿಪುರದ ಎತ್ತರಕ್ಕೆ ಅಂಥ ಚಳಿ ಇಲ್ಲ, ಇಲ್ಲಿ ನೋಡಬೇಕಾದದ್ದು ಬೆಂಕಿ ಮತ್ತು ಕಾಲುದಾರಿ.

ಇದಕ್ಕೆ ಉಪಕರಣ ಮೊಬೈಲು. ನಿಲ್ಲುವ ಜಾಗ ಕದಲದ ಬಂಡೆಯ ಮೇಲಿರಲಿ. ಚಿತ್ರದ ಚೌಕಟ್ಟಿನಲ್ಲಿ ಹತ್ತಿರದ ಒಂದು ಕಲ್ಲಿನ ಮೂಲೆ, ದೂರದ ಒಂದು ಶಿಖರದ ತುದಿ, ಎರಡೂ ಒಂದರ ಮೇಲೊಂದು ಸಾಲಾಗಿ ಬರುವ ಹಾಗೆ ನಿಲ್ಲಿ. ಮುಂದಿನ ವರ್ಷ ಬಂದು ಅವೆರಡು ಸಾಲಾಗದಿದ್ದರೆ ನೀವು ನಿಂತ ಜಾಗ ತಪ್ಪಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ, ಈ ಉಪಾಯ ಅರ್ಧ ಅಡಿಯನ್ನೂ ಹಿಡಿಯುತ್ತದೆ. ಹಳೆಯ ಫೋಟೊದ ಪ್ರಿಂಟನ್ನು ಕೈಯಲ್ಲಿ ಹಿಡಿದು ಹೊಂದಿಸಿ. ಝೂಮ್ 1ರಲ್ಲಿರಲಿ, ವೈಡ್, ಪನೋರಮಾ ಬೇಡ, ಅಂಚುಗಳು ಬಾಗುತ್ತವೆ. ವರ್ಷಕ್ಕೆ ಎರಡು ಸಲ ಸಾಕು: ಹುಲ್ಲು ಹಸಿರಿರುವ ಸೆಪ್ಟೆಂಬರ್ ಕೊನೆ, ಒಣಗಿದ ಜನವರಿ ನಡುಭಾಗ. ಹೊತ್ತೂ ಒಂದೇ ಇರಲಿ. ಬೆಳಗಿನ ಉದ್ದ ನೆರಳು ಕಾಡಿನ ಅಂಚನ್ನು ಹತ್ತು ಮೀಟರ್ ಮುಂದೆ ಬಂದ ಹಾಗೆ ತೋರಿಸುತ್ತದೆ. ಮೂಲ ಫೈಲನ್ನು ತಾರೀಕಿನ ಹೆಸರಿನಲ್ಲಿ ಉಳಿಸಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಪ್ರತಿಯನ್ನು ಇಟ್ಟುಕೊಂಡರೆ ಚಿತ್ರ ಕುಗ್ಗಿರುತ್ತದೆ, ತೆಗೆದ ದಿನದ ಮಾಹಿತಿಯೂ ಹೋಗಿರುತ್ತದೆ.

ಬೆಂಕಿ ಬಿದ್ದಿದ್ದರೆ ತಾರೀಕು, ಸುಟ್ಟ ಭಾಗ, ಮತ್ತೆ ಹುಲ್ಲು ಚಿಗುರಿದ ದಿನ ಬರೆಯಿರಿ. ಸುಟ್ಟ ಮೂರು ವಾರದ ಹಸಿರನ್ನು ನೋಡಿ ‘ಈ ವರ್ಷ ಹುಲ್ಲು ಜೋರು’ ಎಂದು ಬರೆದರೆ ತಪ್ಪು ತೀರ್ಮಾನವಾಗುತ್ತದೆ.

ಅರಣ್ಯದೊಳಗೆ ಗೂಟ ಹೊಡೆಯಲು, ಪೈಂಟ್ ಹಚ್ಚಲು, ಮಾಪಕ ಇಡಲು ಇಲಾಖೆಯ ಅನುಮತಿ ಬೇಕು. ಫೋಟೊ ಮಾತ್ರ ಸಾಕೆಂದರೆ ಟಿಕೆಟ್ ತೆಗೆದು ದಾರಿಯಲ್ಲೇ ನಡೆಯಿರಿ. ಆನೆ ಓಡಾಡುವ ಜಾಗ ಅದು. ಮಳೆ ಜೋರಿದ್ದಾಗ, ಬೆಂಕಿಯ ಕಾಲದಲ್ಲಿ ಪ್ರವೇಶ ನಿಲ್ಲಿಸುವುದೂ ಉಂಟು, ಹೊರಡುವ ಮೊದಲು ವಿಚಾರಿಸಿ. ಅಷ್ಟು ದೂರ ಹೋಗಲಾಗದವರು ಮನೆ ಹಿಂದಿನ ಮುರಕಲ್ಲಿನ ಪಾರೆಯನ್ನೇ ಹಿಡಿಯಬಹುದು. ಮಳೆಗಾಲದಲ್ಲಿ ಅಲ್ಲಿ ನಿಲ್ಲುವ ಕಣಕಾಲಷ್ಟು ನೀರು, ಅದರಂಚಿನಲ್ಲಿ ಏಳುವ ನೀಲಿ ಯುಟ್ರಿಕ್ಯುಲೇರಿಯಾ (ಬೇರಿನಂಥ ಎಳೆಗಳಲ್ಲಿರುವ ಪುಟ್ಟ ಚೀಲಗಳಲ್ಲಿ ಹುಳ ಹಿಡಿಯುವ ಗಿಡ), ಗುಂಡಿ ತಲೆಯ ಬಿಳಿ ಎರಿಯೊಕಾಲನ್, ಇವು ಬಂದ ದಿನ, ನೀರು ಆರಿದ ದಿನ ಬರೆದರೆ ಅದೂ ಬೆಟ್ಟದ ಲೆಕ್ಕವೇ.

ಅಂಕಿಗಳನ್ನು ಓದುವಾಗ

ವರ್ಷದ ಒಟ್ಟು ಮಳೆಯೊಂದನ್ನೇ ನೋಡಬೇಡಿ. 2.5 ಮಿ.ಮೀ. ಅಥವಾ ಹೆಚ್ಚು ಬಂದ ದಿನವನ್ನು ಹವಾಮಾನ ಇಲಾಖೆ ಮಳೆದಿನವೆಂದು ಎಣಿಸುತ್ತದೆ; 64.5 ದಾಟಿದರೆ ಭಾರೀ, 115.6ರಿಂದ ಅತಿ ಭಾರೀ, 204.4ಕ್ಕಿಂತ ಹೆಚ್ಚಾದರೆ ಅತ್ಯಂತ ಭಾರೀ. ಪ್ರತಿ ತಿಂಗಳಿಗೆ ಮಳೆದಿನ ಎಷ್ಟು, ಭಾರೀ ದಿನ ಎಷ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದೆ ಕಳೆದ ಅತಿ ಉದ್ದದ ಅವಧಿ ಎಷ್ಟು ದಿನ ಎಂದು ತೆಗೆಯಿರಿ. ಎರಡು ವರ್ಷ ಒಟ್ಟು ಒಂದೇ ಬಂದಿದ್ದರೂ ಒಂದರಲ್ಲಿ 120 ಮಳೆದಿನ, ಇನ್ನೊಂದರಲ್ಲಿ 95 ಎಂದಿದ್ದರೆ ಸುರಂಗಕ್ಕೆ ಅವೆರಡೂ ಒಂದೇ ಅಲ್ಲ. ರಭಸದ ಮಳೆ ಇಂಗುವುದಕ್ಕಿಂತ ಹೊಳೆಗೆ ಹೋಗುವುದೇ ಹೆಚ್ಚು. ತೋಟಕ್ಕೂ ಈ ಲೆಕ್ಕ ಬೇಕು: ಬೋರ್ಡೋ ಮದ್ದು (ಅಡಿಕೆಯ ಕೊಳೆರೋಗಕ್ಕೆ ಬಿಡುವ ಮೈಲುತುತ್ತು-ಸುಣ್ಣದ ದ್ರಾವಣ) ಬಿಟ್ಟ ದಿನ, ಆಮೇಲೆ ಬಂದ ಮಳೆ, ಕೊಳೆ ಕಂಡ ದಿನ ಒಂದೇ ಪುಟದಲ್ಲಿದ್ದರೆ ಎರಡನೇ ಸಲ ಯಾವಾಗ ಬಿಡಬೇಕೆಂದು ನೆರೆಯವರನ್ನು ಕೇಳಬೇಕಾಗಿಲ್ಲ.

ಮೂರು ವರ್ಷದ ಅಂಕಿ ಇಟ್ಟುಕೊಂಡು ಹವೆ ಬದಲಾಯಿತು ಎನ್ನಬೇಡಿ. ಹವಾಮಾನದವರು ಸರಾಸರಿ ತೆಗೆಯುವುದು ಮೂವತ್ತು ವರ್ಷಕ್ಕೆ.

ಅತ್ಯಂತ ಭಾರೀ ಮಳೆಯ ದಿನ, ಅದರಲ್ಲೂ ಹಿಂದಿನ ಒಂದು ವಾರ ಬಿಡದೆ ಸುರಿದಿದ್ದರೆ, ಅಳತೆಗಿಂತ ಜೀವ ಮುಖ್ಯ. ಗುಡ್ಡೆಯ ಇಳಿಜಾರಿನಲ್ಲಿ ಹೊಸ ಬಿರುಕು, ಓರೆಯಾದ ಮರ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ಮಳೆ ಸುರಿಯುತ್ತಿದ್ದರೂ ಇಳಿದುಬಿಡುವುದು, ಇವುಗಳಲ್ಲಿ ಒಂದು ಕಂಡರೂ ಇಳಿಜಾರಿನ ಕೆಳಗಿನ ಮನೆ ಬಿಟ್ಟು ಹೊರಡಿ. ನೀರು ಇಳಿದದ್ದು ಸಮಾಧಾನದ ಗುರುತಲ್ಲ, ಮೇಲೆ ಮಣ್ಣು ಜಾರಿ ತೋಡನ್ನು ಕಟ್ಟಿರಬಹುದು. ಆ ದಿನದ ಕಲಮಿಗೆ ಅಡ್ಡಗೆರೆ ಹಾಕಿದರಾಯಿತು.

ಮನೆ ಕಟ್ಟಿಸಿದರೆ, ಮರ ಬೆಳೆದು ಅಡ್ಡ ಬಂದರೆ ಒಂದಲ್ಲ ಒಂದು ದಿನ ಮಾಪಕವನ್ನು ಜರುಗಿಸಲೇಬೇಕಾಗುತ್ತದೆ. ಆಗ ಹಳೆಯದನ್ನು ತಕ್ಷಣ ತೆಗೆಯಬೇಡಿ. ಒಂದು ಮಳೆಗಾಲ ಪೂರ್ತಿ ಹಳೆಯ ಜಾಗದಲ್ಲೊಂದು, ಹೊಸ ಜಾಗದಲ್ಲೊಂದು ಇಟ್ಟು ಎರಡರ ಅಂಕಿಯನ್ನೂ ಅಕ್ಕಪಕ್ಕ ಬರೆಯಿರಿ, ಪುಸ್ತಕದ ಮೊದಲ ಪುಟದಲ್ಲಿ ಜಾಗ ಬದಲಿಸಿದ ತಾರೀಕು ಹಾಕಿ.